ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವನ ಗಾದೆ ನಮಗೆಲ್ಲ ಬಾಲ್ಯದಿಂದಲೇ ಬಾಯಿಪಾಠ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಇನ್ನೊಂದು ಗಾದೆಯೂ ಗೊತ್ತು. ಮೊದಲನೆಯದು ನೀರಿನ ಮಾತು, ಎರಡನೆಯದು ಬಾಗಿಲಿನ ಮಾತು. ಇವೆರಡೂ ಒಂದೇ ರಾತ್ರಿ ನಮ್ಮೆದುರು ಬಂದು ನಿಂತಾವೆಂದು ನಾವು ಎಣಿಸಿರಲಿಲ್ಲ.

ಕಳೆದ ಪುಷ್ಯ ಮಾಸದ ಒಂದು ರಾತ್ರಿ. ಮುಂಬಯಿಯ ಚಳಿ ಊರಿನವರಿಗೆ ನಗೆ ತರಿಸುವಂಥದು. ಆದರೂ ಅಂದು ಕಿಟಕಿಗಳನ್ನೆಲ್ಲ ಮುಚ್ಚಿ, ಕಂಬಳಿ ಹೊದ್ದು ಮಲಗಿದ್ದೆವು. ಹನ್ನೆರಡು ಗಂಟೆ ಮೀರಿದ ಹೊತ್ತಿಗೆ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ನಮ್ಮದು ನಾಲ್ಕು ಮಹಡಿಯ ಹಳೆಯ ಕಟ್ಟಡ. ಕೆಳಗೆ, ಮೆಟ್ಟಿಲ ಬುಡದಲ್ಲೇ ವಿದ್ಯುತ್ ಮೀಟರುಗಳ ಪೆಟ್ಟಿಗೆ. ಅಲ್ಲಿ ಹತ್ತಿದ ಬೆಂಕಿಯ ಹೊಗೆ ಮೆಟ್ಟಿಲ ಸಾಲನ್ನೇ ಚಿಮಣಿ ಮಾಡಿಕೊಂಡು ಮೇಲೇರಿ ಬರುತ್ತಿತ್ತು. ಕೆಳಗಿಳಿಯುವ ದಾರಿ ಕಾಣಲಿಲ್ಲ. ಮೂರನೆಯ ಮಹಡಿಯ ನಾವೂ ನಾಲ್ಕನೆಯ ಮಹಡಿಯವರೂ ಮಕ್ಕಳನ್ನು ಎತ್ತಿಕೊಂಡು ತಾರಸಿಗೆ ಓಡಿದೆವು. ತಾರಸಿಯ ಬಾಗಿಲಿಗೆ ಬೀಗ. ಬೀಗದ ಕೈ ಕಾರ್ಯದರ್ಶಿಗಳ ಬಳಿ. ಕಾರ್ಯದರ್ಶಿಗಳು ಸಂಬಂಧಿಕರ ಮದುವೆಗೆಂದು ಊರಿಗೆ ಹೋಗಿದ್ದರು.

ದೇವರು ದೊಡ್ಡವನು, ಅವನ ಜೊತೆಗೆ ನಮ್ಮ ವಾಚ್‌ಮನ್ನನೂ ದೊಡ್ಡವನೇ. ಆತ ನೀರು ಸುರಿಯುವ ತಪ್ಪು ಮಾಡದೆ ಮೇನ್ ಸ್ವಿಚ್ ಇಳಿಸಿ, ರಿಪೇರಿ ಕೆಲಸಕ್ಕೆಂದು ತಂದುಹಾಕಿದ್ದ ಮರಳನ್ನು ಬುಟ್ಟಿಯಲ್ಲಿ ಹೊತ್ತು ತಂದು ಸುರಿದ. ಇಪ್ಪತ್ತು ನಿಮಿಷಗಳಲ್ಲಿ ಹೊಗೆ ತಿಳಿಯಾಯಿತು. ಯಾರಿಗೂ ಏನೂ ಆಗಲಿಲ್ಲ. ನಾಲ್ಕನೆಯ ಮಹಡಿಯ ಅಜ್ಜಿಯೊಬ್ಬರು ಬೆಳಗಿನವರೆಗೆ ಕೆಮ್ಮಿದರು, ಅಷ್ಟೆ. ಆದರೆ ಆ ಇಪ್ಪತ್ತು ನಿಮಿಷ, ಬೀಗದ ಮುಂದೆ, ಕತ್ತಲೆಯಲ್ಲಿ, ಮಕ್ಕಳ ಬಾಯಿಗೆ ಸೆರಗು ಒತ್ತಿ ಹಿಡಿದು ನಿಂತವರಿಗೆ ಅದು ಮರೆಯುವ ಮಾತಲ್ಲ.

ಮುಂದಿನ ಭಾನುವಾರ ಸೊಸೈಟಿಯ ಸಭೆ ನಡೆಯಿತು. ಬೀಗ ತೆಗೆಯೋಣವೆಂದರೆ ಕೆಲವರು ಒಪ್ಪಲಿಲ್ಲ. ಪಕ್ಕದ ಕಟ್ಟಡದ ತಾರಸಿಯಿಂದ ಕಳ್ಳರು ಹಾರಿ ಬಂದಾರು, ಪಡ್ಡೆ ಹುಡುಗರು ಮೇಲೆ ಕೂತು ಕುಡಿದಾರು ಎಂಬ ವಾದ. ಅದೂ ಸುಳ್ಳಲ್ಲ. ಹಿರಿಯರೊಬ್ಬರು ಎದ್ದು ನಿಂತು, “ಕಳ್ಳ ಬಂದರೆ ಪಾತ್ರೆ ಹೋಗುತ್ತದೆ, ಬೆಂಕಿ ಬಂದರೆ ಪಾತ್ರೆಯ ಜೊತೆಗೆ ನಾವೂ ಹೋಗುತ್ತೇವೆ” ಎಂದರು. ಆದರೂ ಅಂದು ತೀರ್ಮಾನವಾಗಲಿಲ್ಲ. ಆ ವಾಗ್ವಾದವನ್ನು ಕೇಳುತ್ತ ಕೂತ ನಮಗೆ ನೆನಪಾದದ್ದು ಮುನ್ನೂರು ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಒಂದು ಚಳಿಗಾಲ ಮತ್ತು ಒಂದೇ ದಿನದ ಎರಡು ಬಾಗಿಲುಗಳು. ಆ ಕಥೆಯನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮರ, ಕಾಗದ ಮತ್ತು ಒಣಗಾಳಿ

ಇಂದು ನಾವು ಟೋಕಿಯೋ ಎಂದು ಕರೆಯುವ ನಗರಕ್ಕೆ 1868ರವರೆಗೆ ಎಡೊ ಎಂದು ಹೆಸರು. 1603ರಲ್ಲಿ ತೊಕುಗಾವಾ ಇಯೆಯಾಸು ಷೋಗುನ್ ಪದವಿಗೇರಿ ಅದನ್ನು ತನ್ನ ಆಡಳಿತದ ಕೇಂದ್ರ ಮಾಡಿಕೊಂಡ ಮೇಲೆ ಮೀನುಗಾರರ ಹಳ್ಳಿಯಂತಿದ್ದ ಊರು ಐವತ್ತು ವರ್ಷಗಳಲ್ಲಿ ಲಕ್ಷಗಟ್ಟಲೆ ಜನರ ಮಹಾನಗರವಾಯಿತು. ಸಾಮಂತರು ಅಲ್ಲಿ ಅರಮನೆ ಕಟ್ಟಿಸಬೇಕಾಯಿತು. ಅವರನ್ನು ಹಿಂಬಾಲಿಸಿ ಬಡಗಿಗಳು, ವ್ಯಾಪಾರಿಗಳು, ಕೂಲಿಕಾರರು ಬಂದರು. ಹೊಟ್ಟೆಪಾಡಿಗೆ ನಗರ ಸೇರಿದವರ ಕಥೆ ಮುಂಬಯಿಯಲ್ಲಿ ನೆಲೆಸಿದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಜನಕ್ಕೆ ಎದ್ದ ಮನೆಗಳಾದರೂ ಎಂಥವು? ಕಂಬ ಮರದ್ದು, ಗೋಡೆ ಮರದ್ದು, ಸೂರಿಗೆ ಹೊದಿಸಿದ್ದು ತೆಳ್ಳಗಿನ ಮರದ ಹಲಗೆ ಅಥವಾ ಹುಲ್ಲು. ಒಳಗಿನ ಜಾರುಬಾಗಿಲುಗಳಿಗೆ ಅಂಟಿಸಿದ್ದು ಕಾಗದ. ನೆಲಕ್ಕೆ ಹಾಸಿದ್ದು ಹುಲ್ಲಿನ ಚಾಪೆ. ಬಡವರು ವಾಸಿಸುತ್ತಿದ್ದುದು ನಮ್ಮ ಚಾಳುಗಳಂತೆ ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಕೋಣೆಗಳಲ್ಲಿ. ಭೂಕಂಪದ ನಾಡಿಗೆ ಹಗುರವಾದ ಮನೆ ಒಳ್ಳೆಯದೇ. ಆದರೆ ಬೆಂಕಿಯ ಪಾಲಿಗೆ ಅದು ಒಟ್ಟಿಟ್ಟ ಸೌದೆ.

ಇದರ ಮೇಲೆ ಎಡೊ ಪಟ್ಟಣದ ಚಳಿಗಾಲ. ನಮ್ಮಲ್ಲಿ ಬೆಂಕಿಯ ಭಯವೆಂದರೆ ಬೇಸಿಗೆಯದು. ಬಣವೆ, ಹುಲ್ಲುಮಾಡು ಎಲ್ಲವೂ ಆಗ ಒಣಗಿ ನಿಂತಿರುತ್ತವೆ. ಜಪಾನಿನ ಆ ಭಾಗದಲ್ಲಿ ಬೇಸಿಗೆ ಒದ್ದೆ, ಚಳಿಗಾಲವೇ ಒಣ ಋತು. ಡಿಸೆಂಬರಿನಿಂದ ಮಾರ್ಚಿಯವರೆಗೆ ವಾಯವ್ಯದ ಕಡೆಯಿಂದ ಬೀಸುವ ಗಾಳಿ ಬೆಟ್ಟಗಳ ಆಚೆ ಹಿಮವನ್ನೆಲ್ಲ ಸುರಿದು ಬರಿದಾಗಿ, ಒಣಗಿದ ಗಾಳಿಯಾಗಿ ಬಯಲಿಗಿಳಿಯುತ್ತದೆ. ಚಳಿ ಹೆಚ್ಚಿದಷ್ಟೂ ಮನೆಯೊಳಗೆ ಕೆಂಡ ಹೆಚ್ಚು. ಇದ್ದಲಿನ ಅಗ್ಗಿಷ್ಟಿಕೆಯ ಸುತ್ತ ಕುಳಿತು ಕೈ ಕಾಯಿಸಿಕೊಳ್ಳುವುದು, ಕೆಂಡದ ಮೇಲೆ ಮರದ ಚೌಕಟ್ಟು ನಿಲ್ಲಿಸಿ, ದಪ್ಪ ಹಚ್ಚಡ ಹೊದಿಸಿ, ಅದರೊಳಗೆ ಕಾಲು ಚಾಚಿ ಮಲಗುವುದು ಅಲ್ಲಿಯ ರೂಢಿ. ನಿದ್ದೆಯಲ್ಲಿ ಹಚ್ಚಡ ಜಾರಿ ಕೆಂಡಕ್ಕೆ ತಾಗಿದರೆ ಮುಗಿಯಿತು. ಹೀಗೆ ಒಣಗಾಳಿಯೂ ಕೆಂಡವೂ ಒಂದೇ ಋತುವಿನಲ್ಲಿ ಬಂದು ಸೇರುತ್ತಿದ್ದವು. ಬೆಂಕಿ ಎಡೊ ನಗರದ ಹೂವು ಎಂಬ ಮಾತು ಅಲ್ಲಿ ಗಾದೆಯಾಗಿಯೇ ನಿಂತಿತೆಂದರೆ ಜನ ಅದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂಬುದು ತಿಳಿಯುತ್ತದೆ.

1657ರ ಮಾರ್ಚ್ 2

ಆ ವರ್ಷ ಎಡೊ ಪಟ್ಟಣಕ್ಕೆ ಎಂಬತ್ತು ದಿನಗಳಷ್ಟು ಕಾಲ ಮಳೆ ಬಿದ್ದಿರಲಿಲ್ಲ. ಬಾವಿಗಳ ನೀರು ಕೆಳಗಿಳಿದಿತ್ತು. 1657ರ ಮಾರ್ಚ್ 2ರಂದು, ಅವರ ಪಂಚಾಂಗದಂತೆ ವರ್ಷದ ಮೊದಲನೆಯ ತಿಂಗಳ ಹದಿನೆಂಟನೆಯ ದಿನ, ಬೆಳಗಿನಿಂದಲೇ ವಾಯವ್ಯದ ಗಾಳಿ ಧೂಳೆಬ್ಬಿಸಿ ಬೀಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಗರದ ಉತ್ತರಕ್ಕಿರುವ ಹೊಂಗೋ ಎಂಬಲ್ಲಿಯ ಹೊನ್ಮ್ಯೋಜಿ ಎಂಬ ಬೌದ್ಧ ದೇಗುಲದಿಂದ ಬೆಂಕಿ ಎದ್ದಿತು.

ಹೇಗೆ ಎದ್ದಿತೆಂಬುದಕ್ಕೆ ಜನ ಒಂದು ಕಥೆ ಕಟ್ಟಿದರು. ಉದ್ದ ತೋಳಿನ ಒಂದು ಉಡುಪನ್ನು ಒಬ್ಬರ ನಂತರ ಒಬ್ಬರು ತೊಟ್ಟ ಮೂವರು ಕನ್ಯೆಯರು ಅಕಾಲದಲ್ಲಿ ಸತ್ತರಂತೆ. ಶಾಪ ತಟ್ಟಿದ ಆ ಬಟ್ಟೆಯನ್ನು ಅರ್ಚಕರು ಮಂತ್ರ ಹೇಳಿ ಸುಡುತ್ತಿರುವಾಗ ಗಾಳಿ ಅದನ್ನು ಎತ್ತಿ ದೇಗುಲದ ಸೂರಿನ ಮೇಲೆ ಹಾಕಿತಂತೆ. ಇಂದಿಗೂ ಜಪಾನೀಯರು ಆ ಅನಾಹುತವನ್ನು ಉಡುಪಿನ ಹೆಸರಿನಿಂದಲೇ ನೆನೆಯುತ್ತಾರೆ. ಇತಿಹಾಸಕಾರರು ಇದನ್ನು ದಂತಕಥೆಯ ಲೆಕ್ಕಕ್ಕೆ ಸೇರಿಸುತ್ತಾರೆ. ಶಾಪದ ಮೇಲೆ ತಪ್ಪು ಹೊರಿಸುವುದು ಎಲ್ಲ ಊರಿನವರಿಗೂ ಸುಲಭ. ಒಣಗಿದ ಹಲಗೆಯ ಸೂರು, ಇಕ್ಕಟ್ಟಾದ ಬೀದಿ, ಇಳಿದ ಬಾವಿ ಇವುಗಳ ಮೇಲೆ ಹೊರಿಸಿದರೆ ಯಾರಾದರೂ ಉತ್ತರ ಹೇಳಬೇಕಾಗುತ್ತದೆ.

ಕಿಡಿಗಳು ಓಣಿಗಳನ್ನು ಹಾರಿ ದಾಟಿದವು. ಸಂಜೆಯ ಹೊತ್ತಿಗೆ ಕಂದಾ, ನಿಹೊನ್‌ಬಾಶಿಯಂಥ ವ್ಯಾಪಾರದ ಕೇರಿಗಳು ಉರಿಯುತ್ತಿದ್ದವು. ಜನ ಮನೆಯ ಸಾಮಾನನ್ನು ಗಾಲಿ ಹಚ್ಚಿದ ದೊಡ್ಡ ಪೆಟ್ಟಿಗೆಗಳಲ್ಲಿ ತುಂಬಿ ಬೀದಿಗೆ ತಂದರು. ಪೆಟ್ಟಿಗೆಗಳು ಒಂದಕ್ಕೊಂದು ಸಿಕ್ಕಿಬಿದ್ದು ದಾರಿಯೇ ಕಟ್ಟಿಹೋಯಿತು. ಸಾಮಾನು ಉಳಿಸಲು ಹೋದವರು ಸಾಮಾನಿನ ನಡುವೆಯೇ ಸಿಲುಕಿದರು. ಇಂಥ ಗಾಲಿಪೆಟ್ಟಿಗೆಗಳನ್ನು ಮುಂದೆ ಸರಕಾರ ನಿಷೇಧಿಸಬೇಕಾಯಿತು.

ಸೆರೆಮನೆಯೂ ಹೆಬ್ಬಾಗಿಲೂ

ಬೆಂಕಿಯ ದಾರಿಯಲ್ಲಿ ದೆನ್ಮಾಚೋ ಎಂಬಲ್ಲಿ ನಗರದ ಸೆರೆಮನೆ ಇತ್ತು. ಅದರ ಮುಖ್ಯಾಧಿಕಾರಿ ಇಶಿದೆ ತಾತೆವಾಕಿ. ಒಳಗೆ ಬೀಗ ಜಡಿದ ಮರದ ಕಟಕಟೆಗಳ ಹಿಂದೆ ನೂರಾರು ಕೈದಿಗಳು. ಮೇಲಿನಿಂದ ಅಪ್ಪಣೆ ತರಿಸಿಕೊಳ್ಳುವಷ್ಟು ಸಮಯವಿಲ್ಲ. ಅಪ್ಪಣೆಯಿಲ್ಲದೆ ಕೈದಿಗಳನ್ನು ಬಿಟ್ಟರೆ ತನ್ನ ತಲೆಗೇ ಸಂಚಕಾರ. ಆತ ಬಾಗಿಲು ತೆರೆದ. ಬೆಂಕಿ ಆರಿದ ಮೇಲೆ ಇಂಥ ದೇಗುಲದ ಬಳಿಗೆ ಬಂದು ಸೇರಬೇಕು. ಬಂದವರ ಪ್ರಾಣಕ್ಕಾಗಿ ತನ್ನ ಪ್ರಾಣವನ್ನೇ ಒತ್ತೆಯಿಟ್ಟು ಬೇಡಿಕೊಳ್ಳುವೆ. ತಪ್ಪಿಸಿಕೊಂಡವರನ್ನು ಮಾತ್ರ ಎಲ್ಲಿದ್ದರೂ ಹುಡುಕಿ ತಂದು ದಂಡಿಸುವೆ ಎಂದು ಹೇಳಿ ಅವರನ್ನು ಬಿಟ್ಟುಬಿಟ್ಟ. ಕೈದಿಗಳು ಕೈಮುಗಿದು ಹೊರಗೆ ಓಡಿದರು. ಬೆಂಕಿ ಆರಿದ ಮೇಲೆ ಅವರು ಕೊಟ್ಟ ಮಾತಿನಂತೆ ಹಿಂತಿರುಗಿ ಬಂದರೆಂದು ಅಂದಿನ ವೃತ್ತಾಂತಗಳು ಹೇಳುತ್ತವೆ. ಇಶಿದೆಯೂ ತನ್ನ ಮಾತು ಉಳಿಸಿಕೊಂಡ. ಅವರ ಶಿಕ್ಷೆ ಕಡಿಮೆಯಾಗುವಂತೆ ಮೇಲಿನವರನ್ನು ಒಪ್ಪಿಸಿದ. ವಿಪತ್ತಿನ ವೇಳೆ ಬೇರೆ ದಾರಿಯಿಲ್ಲದಿದ್ದರೆ ಕೈದಿಗಳನ್ನು ತಾತ್ಕಾಲಿಕವಾಗಿ ಬಿಡಬಹುದೆಂಬ ನಿಯಮ ಜಪಾನಿನ ಸೆರೆಮನೆ ಕಾನೂನಿನಲ್ಲಿ ಈಗಲೂ ಇದೆ.

ಅದೇ ಸಂಜೆ ಇನ್ನೊಂದು ಬಾಗಿಲಿನ ಬಳಿ ನಡೆದದ್ದೇ ಬೇರೆ. ನಗರದಿಂದ ಈಶಾನ್ಯಕ್ಕೆ ಹೋಗುವ ದಾರಿಯಲ್ಲಿ, ಕಂದಾ ನದಿಯ ಸೇತುವೆಯ ಬಳಿ, ಅಸಾಕುಸಾ ಹೆಬ್ಬಾಗಿಲು ಇತ್ತು. ಸಾವಿರಾರು ಜನ ಬೆನ್ನಟ್ಟಿ ಬರುತ್ತಿದ್ದ ಬೆಂಕಿಯಿಂದ ತಪ್ಪಿಸಿಕೊಂಡು ಅತ್ತ ಓಡಿದರು. ಅಷ್ಟರಲ್ಲಿ ದೆನ್ಮಾಚೋದಿಂದ ಕೈದಿಗಳು ಬಂಧನ ಮುರಿದು ತಪ್ಪಿಸಿಕೊಂಡಿದ್ದಾರೆಂಬ ಸುದ್ದಿ ಹೆಬ್ಬಾಗಿಲಿನ ಕಾವಲುಗಾರರಿಗೆ ತಲುಪಿತು. ನಿಜವಾಗಿ ಏನು ನಡೆದಿತ್ತೆಂದು ಅವರಿಗೆ ಹೇಳಿದವರಿಲ್ಲ. ಕೈದಿಗಳು ಪಾರಾಗಬಾರದೆಂದು ಅವರು ಹೆಬ್ಬಾಗಿಲನ್ನು ಮುಚ್ಚಿದರು. ಮುಂದೆ ಮುಚ್ಚಿದ ಬಾಗಿಲು, ಹಿಂದೆ ಬೆಂಕಿ, ನಡುವೆ ಜನ. ಕೆಲವರು ತುಳಿತಕ್ಕೆ ಸಿಕ್ಕರು, ಕೆಲವರು ಉರಿಗೆ ಸಿಕ್ಕರು, ಕೆಲವರು ಕಲ್ಲಿನ ಕಟ್ಟೆ ಹತ್ತಿ ಕಂದಕಕ್ಕೆ ಧುಮುಕಿ ಸತ್ತರು. ಆ ಒಂದು ಬಾಗಿಲಿನ ಬಳಿಯೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಬರೆದಿಟ್ಟಿದ್ದಾರೆ.

ಕಾವಲುಗಾರರು ದುಷ್ಟರಾಗಿರಲಿಲ್ಲ. ಅವರು ತಮ್ಮ ಕರ್ತವ್ಯವನ್ನೇ ಮಾಡಿದರು. ಕಳ್ಳರ ಭಯದಿಂದ ಬಾಗಿಲು ಮುಚ್ಚಿದರು. ಇಶಿದೆ ಕಳ್ಳರಿಗೇ ಬಾಗಿಲು ತೆರೆದ. ಒಂದೇ ನಗರ, ಒಂದೇ ಸಂಜೆ, ಒಂದೇ ಬೆಂಕಿ. ಬೆಂಕಿಯ ಸಮಯದಲ್ಲಿ ಬಾಗಿಲನ್ನು ಕಳ್ಳನ ಲೆಕ್ಕದಲ್ಲಿ ನೋಡಬೇಕೋ, ಪ್ರಾಣದ ಲೆಕ್ಕದಲ್ಲಿ ನೋಡಬೇಕೋ ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನಮಗೆ ಇತಿಹಾಸದಲ್ಲಿ ಕಂಡಿಲ್ಲ.

ಬೂದಿಯ ಮೇಲೆ ಹಿಮ

ಅನಾಹುತ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ಕೊಯಿಶಿಕಾವಾ ಎಂಬಲ್ಲಿ, ಅನಂತರ ಕೋಜಿಮಾಚಿಯಲ್ಲಿ ಹೊಸದಾಗಿ ಬೆಂಕಿ ಎದ್ದಿತು. ಷೋಗುನನ ಕೋಟೆಯ ನಡುವಿನ ಎತ್ತರದ ಗೋಪುರಕ್ಕೂ ಅದು ತಗಲಿತು. ಗೋಪುರದ ಒಂದು ಕಿಟಕಿಯ ಕದ ಬಿರುಗಾಳಿಗೆ ತೆರೆದುಕೊಂಡು, ಅದರ ಮೂಲಕ ಕಿಡಿಗಳು ಒಳಹೊಕ್ಕವೆಂದು ಹೇಳುತ್ತಾರೆ. ಮೂರು ದಿನಗಳಲ್ಲಿ ನಗರದ ಅರ್ಧಕ್ಕಿಂತ ಹೆಚ್ಚು ಭಾಗ ಬೂದಿಯಾಯಿತು. ಸತ್ತವರ ಲೆಕ್ಕ ಒಂದೊಂದು ದಾಖಲೆಯಲ್ಲಿ ಒಂದೊಂದು ತೆರನಾಗಿದ್ದರೂ ಒಂದು ಲಕ್ಷದ ಸಮೀಪಕ್ಕೆ ಬರುತ್ತದೆಂಬುದು ಸಾಮಾನ್ಯವಾದ ಅಂದಾಜು.

ಬೆಂಕಿ ಆರಿದ ಬೆನ್ನಿಗೇ ಹಿಮ ಸುರಿಯಿತು. ಉರಿಯಿಂದ ಪಾರಾದವರು ಸೂರಿಲ್ಲದೆ, ಹೊದಿಕೆಯಿಲ್ಲದೆ ಚಳಿಗೆ ಸತ್ತರು. ಚಳಿಗಾಲದ ಬೆಂಕಿಯ ಕ್ರೌರ್ಯ ಇದು. ಅದು ಮೊದಲು ಸುಡುತ್ತದೆ, ಆಮೇಲೆ ಹೆಪ್ಪುಗಟ್ಟಿಸುತ್ತದೆ. ಪ್ರಾಣ ಉಳಿಸಿದ ಮೇಲೆ ಕಂಬಳಿ, ಗಂಜಿ, ಒಂದು ಸೂರು ಕೊಡುವುದೂ ಬೆಂಕಿ ಆರಿಸುವ ಕೆಲಸದ ಭಾಗವೇ.

ಇದನ್ನು ಅರಿತವನು ಹೋಶಿನಾ ಮಸಯುಕಿ. ಷೋಗುನ್ ಇಯೆತ್ಸುನಾ ಇನ್ನೂ ಹದಿಹರೆಯದ ಹುಡುಗ. ಅವನ ಚಿಕ್ಕಪ್ಪನಾದ ಮಸಯುಕಿಯೇ ಆಡಳಿತಕ್ಕೆ ಬೆನ್ನೆಲುಬಾಗಿದ್ದ. ಅಸಾಕುಸಾದಲ್ಲಿದ್ದ ಸರಕಾರದ ಅಕ್ಕಿಯ ಕಣಜಗಳಿಗೆ ಬೆಂಕಿ ತಗಲಿದಾಗ, ಯಾರು ಬೇಕಾದರೂ ಅಕ್ಕಿಯನ್ನು ಹೊತ್ತುಕೊಂಡು ಹೋಗಬಹುದೆಂದು ಸಾರಿಸಿದನೆಂದು ಹೇಳುತ್ತಾರೆ. ಅಕ್ಕಿ ಹೊರಲು ಬಂದವರು ಕಣಜದ ಸುತ್ತಲಿನ ಬೆಂಕಿಯನ್ನೂ ಆರಿಸಿದರು. ಜನರಿಗೆ ಅನ್ನವೂ ಆಯಿತು. ಇಲ್ಲಿಯೂ ತೆರೆದ ಬಾಗಿಲೇ ಗೆದ್ದಿತು. ಮುಂದೆ ಬೀದಿಬೀದಿಯಲ್ಲಿ ಗಂಜಿ ಹಂಚಿದರು. ಮನೆ ಕಟ್ಟಿಕೊಳ್ಳಲು ಊರಿನವರಿಗೆ ಖಜಾನೆಯಿಂದ ಹಣ ಕೊಟ್ಟರು. ಸುಟ್ಟ ಗೋಪುರವನ್ನು ಮತ್ತೆ ಕಟ್ಟಬೇಕೆಂಬ ಸಲಹೆ ಬಂದಾಗ, ಊರನ್ನು ನೋಡಿ ಸಂತೋಷಪಡುವುದಕ್ಕೆ ಮಾತ್ರ ಇರುವ ಗೋಪುರಕ್ಕಿಂತ ಊರೇ ಮುಖ್ಯವೆಂದು ಆತ ವಾದಿಸಿದ. ಗೋಪುರ ಮತ್ತೆ ಏಳಲೇ ಇಲ್ಲ. ಅದಕ್ಕೆಂದು ಹಾಕಿದ ಕಲ್ಲಿನ ಅಡಿಪಾಯ ಮಾತ್ರ ಇಂದಿಗೂ ಟೋಕಿಯೋದ ಅರಮನೆಯ ಉದ್ಯಾನದಲ್ಲಿ ಬರಿದಾಗಿ ನಿಂತಿದೆ. ಹೆಸರು ತಿಳಿಯದ ಹೆಣಗಳನ್ನು ಒಟ್ಟಿಗೆ ಮಣ್ಣು ಮಾಡಿದ ಜಾಗದಲ್ಲಿ ಎಕೋ-ಇನ್ ಎಂಬ ದೇಗುಲ ಹುಟ್ಟಿಕೊಂಡಿತು.

ಊರು ಕಲಿತ ಪಾಠ

ನಗರದ ಪೂರ್ವಕ್ಕೆ ಸುಮಿದಾ ನದಿ. ಶತ್ರುಗಳು ಸುಲಭವಾಗಿ ನುಗ್ಗಬಾರದೆಂಬ ಎಣಿಕೆಯಿಂದ ಊರಿನ ಮಗ್ಗುಲಲ್ಲಿ ಆ ನದಿಗೆ ಸೇತುವೆ ಕಟ್ಟಿರಲಿಲ್ಲ. ಬೆಂಕಿಯ ದಿನ ದಡದವರೆಗೆ ಓಡಿಬಂದವರಿಗೆ ಆಚೆ ದಾಟಲು ದಾರಿಯಿರಲಿಲ್ಲ. ಇದೂ ಒಂದು ಬಗೆಯ ಮುಚ್ಚಿದ ಬಾಗಿಲೇ. ಕೆಲವೇ ವರ್ಷಗಳಲ್ಲಿ ಅಲ್ಲಿ ರ್ಯೋಗೊಕು ಸೇತುವೆ ಎದ್ದಿತು. ಅದರ ಎರಡು ತುದಿಗಳಲ್ಲಿ, ಹಾಗೂ ನಗರದ ಹಲವೆಡೆ, ಬೆಂಕಿ ಹಾರಿ ದಾಟದಂತೆ ಅಗಲವಾದ ಬಯಲುಗಳನ್ನು ಬಿಟ್ಟರು. ಬೀದಿಗಳನ್ನು ಅಗಲಗೊಳಿಸಿದರು. 1658ರಲ್ಲಿ ಷೋಗುನನ ಸರಕಾರ ಬೆಂಕಿ ಆರಿಸುವುದಕ್ಕೆಂದೇ ಕಾಯಂ ಪಡೆಗಳನ್ನು ನೇಮಿಸಿತು.

ಆದರೆ ಆ ಪಡೆಗಳು ಮುಖ್ಯವಾಗಿ ಕೋಟೆಯನ್ನೂ ದೊಡ್ಡವರ ಮನೆಗಳನ್ನೂ ಕಾಯುತ್ತಿದ್ದವು. ಸಾಮಾನ್ಯರ ಕೇರಿಗಳಿಗೆ ಅವರದೇ ಪಡೆ ಬಂದದ್ದು ಸುಮಾರು ಅರವತ್ತು ವರ್ಷಗಳ ನಂತರ. 1717ರಲ್ಲಿ ನಗರದ ನ್ಯಾಯಾಧಿಕಾರಿಯಾದ ಓಕಾ ತದಸುಕೆ ಕೇರಿಯವರೇ ಸೇರಿ ಪಡೆ ಕಟ್ಟಬೇಕೆಂದು ಮರುವರ್ಷವೇ ಆಜ್ಞೆ ಮಾಡಿದ. 1720ರಲ್ಲಿ ಅವುಗಳನ್ನು ಜಪಾನೀ ಅಕ್ಷರಮಾಲೆಯ ಕ್ರಮದಲ್ಲಿ ನಲವತ್ತೇಳು ತಂಡಗಳಾಗಿ ಹಂಚಿ, ಒಂದೊಂದಕ್ಕೆ ಒಂದೊಂದು ಅಕ್ಷರದ ಹೆಸರಿಟ್ಟರು. ‘ಹಿ’ ಎಂದರೆ ಅವರ ನುಡಿಯಲ್ಲಿ ಬೆಂಕಿ. ಆ ಅಕ್ಷರವನ್ನು ಬಿಟ್ಟು ಬೇರೆ ಹೆಸರು ಕೊಟ್ಟರಂತೆ. ತಂಡದವರಲ್ಲಿ ಬಹಳ ಮಂದಿ ಮನೆ ಕಟ್ಟುವ ಕೂಲಿಗಳು. ಕಟ್ಟಲು ಬಲ್ಲವನಿಗೇ ಬೇಗ ಕೆಡವಲು ಬರುವುದು. ನೀರಿನಿಂದ ಆರಿಸುವುದಕ್ಕಿಂತ ಬೆಂಕಿಯ ಮುಂದಿನ ಮನೆಗಳನ್ನು ಕೊಕ್ಕೆಗಳಿಂದ ಎಳೆದು ಕೆಡವಿ ಉರಿಯ ದಾರಿ ಕಡಿಯುವುದೇ ಅಂದಿನ ವಿಧಾನ. ದಪ್ಪವಾಗಿ ಹೊಲಿದ ಹತ್ತಿಯ ಅಂಗಿಯನ್ನು ನೀರಿನಲ್ಲಿ ನೆನೆಸಿ ತೊಟ್ಟು ಅವರು ಸೂರು ಹತ್ತುತ್ತಿದ್ದರು.

ಸೂರಿನ ವಿಷಯದಲ್ಲೂ ಬುದ್ಧಿ ಬರಲು ಕಾಲ ಹಿಡಿಯಿತು. ಸಾಮಾನ್ಯರ ಮನೆಗಳಿಗೆ ಹೆಂಚು ಹೊದಿಸಲು ಮೊದಲು ಅನುಮತಿಯಿರಲಿಲ್ಲ. 1720ರಲ್ಲಿ ಆ ನಿರ್ಬಂಧ ತೆಗೆದು ಹೆಂಚಿಗೆ ಪ್ರೋತ್ಸಾಹ ಕೊಟ್ಟರು. ಅನುಕೂಲವುಳ್ಳ ವ್ಯಾಪಾರಿಗಳು ಗೋಡೆಗೆ ಅಂಗೈಗಿಂತ ದಪ್ಪನಾದ ಮಣ್ಣು, ಸುಣ್ಣದ ಗಾರೆ ಬಳಿದ ಉಗ್ರಾಣಗಳನ್ನು ಕಟ್ಟಿಸಿದರು. ಹೆಂಚು ಎಂದೊಡನೆ ನಮ್ಮ ಕರಾವಳಿಯ ಓದುಗರ ಕಿವಿ ನಿಮಿರಬಹುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮುಳಿಹುಲ್ಲಿನ ಮಾಡಿನ ಕೆಳಗೆ ಬೇಸಿಗೆಯಿಡೀ ಕಿಡಿಗೆ ಹೆದರಿ ಬಾಳುತ್ತಿದ್ದ ಎಷ್ಟೋ ಮನೆಗಳಿಗೆ ಆ ಕೆಂಪು ಹೆಂಚು ಮಳೆಯಿಂದ ಮಾತ್ರವಲ್ಲ, ಬೆಂಕಿಯಿಂದಲೂ ರಕ್ಷೆಯಾಯಿತು.

ಇಷ್ಟೆಲ್ಲ ಮಾಡಿದರೂ ಎಡೊ ಸುಡುವುದು ನಿಲ್ಲಲಿಲ್ಲ. 1772ರಲ್ಲಿ, 1806ರಲ್ಲಿ ಮತ್ತೆ ಮಹಾ ಅಗ್ನಿ ಅನಾಹುತಗಳಾದವು. ಆದರೆ 1657ರಷ್ಟು ಜೀವಹಾನಿ ಅವುಗಳಲ್ಲಿ ಆಗಲಿಲ್ಲ. ಮನೆಗಳು ಸುಟ್ಟರೂ ಜನಕ್ಕೆ ಓಡಲು ದಾರಿಯಿತ್ತು. ಕಾವಲು ಗೋಪುರದ ಗಂಟೆಯ ಬಡಿತದಿಂದಲೇ ಬೆಂಕಿ ದೂರವೋ ಹತ್ತಿರವೋ ಎಂದು ತಿಳಿಯುತ್ತಿತ್ತು. ಚಳಿಗಾಲದ ರಾತ್ರಿ ಕೇರಿಯವರು ಸರದಿಯ ಮೇಲೆ ಮರದ ಚಿಟಿಕೆಗಳನ್ನು ತಟ್ಟುತ್ತ, ಬೆಂಕಿಯ ಬಗ್ಗೆ ಎಚ್ಚರವೆಂದು ಕೂಗುತ್ತ ಗಸ್ತು ತಿರುಗುತ್ತಿದ್ದರು. ಜಪಾನಿನ ಹಲವು ಬಡಾವಣೆಗಳಲ್ಲಿ ವರ್ಷದ ಕೊನೆಯ ರಾತ್ರಿಗಳಲ್ಲಿ ಆ ಗಸ್ತು ಇಂದಿಗೂ ನಡೆಯುತ್ತದೆ. ಮಲಗುವ ಮುನ್ನ ಒಲೆ ನೋಡಿಕೊಳ್ಳಿ ಎಂದು ನೆರೆಯವನು ನೆರೆಯವನಿಗೆ ಹೇಳುವುದು, ಅಷ್ಟೇ ಅದರ ತಾತ್ಪರ್ಯ.

ನಮ್ಮ ಕೋಟೆಯ ಕಥೆ

ಎಡೊ ದೂರವೆನ್ನುವವರು ಚರ್ಚ್‌ಗೇಟಿನಲ್ಲಿ ರೈಲಿನಿಂದ ಇಳಿದು ಕೋಟೆಯ ಕಡೆಗೆ ನಾಲ್ಕು ಹೆಜ್ಜೆ ನಡೆದರೆ ಸಾಕು. ಚರ್ಚ್‌ಗೇಟ್ ಎಂಬುದೂ ಒಂದು ಹೆಬ್ಬಾಗಿಲಿನ ಹೆಸರೇ. ಎರಡು ಶತಮಾನಗಳ ಹಿಂದೆ ಮುಂಬಯಿ ಪಟ್ಟಣ ಗೋಡೆ, ಕಂದಕಗಳ ಒಳಗಿತ್ತು. ರಾತ್ರಿ ಬಾಗಿಲು ಮುಚ್ಚುತ್ತಿದ್ದರು. ಒಳಗೆ ಮರದ ತೊಲೆಗಳ, ಮರದ ಮೊಗಸಾಲೆಗಳ ಮನೆಗಳು ಇಕ್ಕಟ್ಟಾದ ಓಣಿಗಳಲ್ಲಿ ಒಂದರ ಮೇಲೊಂದು ಬಿದ್ದಂತೆ ಎದ್ದಿದ್ದವು. 1803ರ ಫೆಬ್ರವರಿ 17ರಂದು, ಇಲ್ಲಿಯೂ ಚಳಿ ಮುಗಿಯುವ ಒಣ ದಿನಗಳಲ್ಲಿ, ಬಜಾರಿನಲ್ಲಿ ಬೆಂಕಿ ಎದ್ದು ಕೋಟೆಯೊಳಗಿನ ಊರಿನ ಸುಮಾರು ಮೂರನೆಯ ಒಂದು ಭಾಗವನ್ನು ನುಂಗಿತು. ಜೊನಾಥನ್ ಡಂಕನ್ ಆಗ ಗವರ್ನರ್. ಉರಿ ಮುಂದೆ ಹಬ್ಬದಂತೆ ಫಿರಂಗಿ ಹೊಡೆದು ಮನೆಗಳನ್ನು ಉರುಳಿಸಬೇಕಾಯಿತು. ಎಡೊ ನಗರದ ಕೊಕ್ಕೆಯ ಕೆಲಸವನ್ನು ಇಲ್ಲಿ ಫಿರಂಗಿ ಮಾಡಿತು.

ಆ ಬೆಂಕಿಯ ನಂತರ ಬೀದಿಗಳನ್ನು ಅಗಲ ಮಾಡುವ, ಜನವಸತಿಯನ್ನು ಗೋಡೆಯ ಹೊರಗೆ ಬೆಳೆಸುವ ಯೋಚನೆಗಳು ಬಲಗೊಂಡವು. ಮೈದಾನದ ಆಚೆ ಹೊಸ ಊರು ಬೆಳೆಯಿತು. ಗೋಡೆಯೇ ಬೇಡವೆಂದು ತೀರ್ಮಾನವಾಗಿ ಅದನ್ನು ಕೆಡವಿದ್ದು 1860ರ ದಶಕದಲ್ಲಿ, ಸರ್ ಬಾರ್ಟಲ್ ಫ್ರೀಯರ್ ಗವರ್ನರ್ ಆಗಿದ್ದಾಗ. ನಮ್ಮ ಹಿರಿಯರು ಊರು ಬಿಟ್ಟು ಬಂದು ದುಡಿದದ್ದು ಗೋಡೆ ಬಿದ್ದ, ಬಾಗಿಲು ತೆರೆದ ಈ ಮುಂಬಯಿಯಲ್ಲಿ. ಈಗ ನಾವು ಅದೇ ನಗರದಲ್ಲಿ ಒಬ್ಬೊಬ್ಬರೂ ಒಂದೊಂದು ಪುಟ್ಟ ಕೋಟೆ ಕಟ್ಟಿಕೊಂಡಿದ್ದೇವೆ. ಕಿಟಕಿಗೆ ಕಬ್ಬಿಣದ ಜಾಳಿ, ಬಾಗಿಲಿಗೆ ಎರಡು ಬೀಗ, ಮೆಟ್ಟಿಲ ತಿರುವಿನಲ್ಲಿ ಹಳೆಯ ಕಪಾಟು, ಸೈಕಲ್ಲು, ಚಪ್ಪಲಿಯ ಗೂಡು. ಗಾಲಿಪೆಟ್ಟಿಗೆಗಳು ಎಡೊ ನಗರದಲ್ಲಿ ಮಾತ್ರ ಇದ್ದವೆಂದು ತಿಳಿಯಬೇಡಿ.

ಇಂದು ರಾತ್ರಿ ನೋಡಬೇಕಾದದ್ದು

ಇತಿಹಾಸ ಓದಿ ನಿಟ್ಟುಸಿರುಬಿಟ್ಟರೆ ಸಾಲದು. ಬಾಗಿಲಿನ ಮಾತನ್ನು ಮೊದಲು ಮುಗಿಸೋಣ. ಮುಚ್ಚಿದ ಬಾಗಿಲು ಬೇರೆ, ಬೀಗ ಹಾಕಿದ ಬಾಗಿಲು ಬೇರೆ. ಬೆಂಕಿ ಹತ್ತಿದ ಕೋಣೆಯಿಂದ ಹೊರಬರುವಾಗ ಅದರ ಬಾಗಿಲನ್ನು ಎಳೆದು ಮುಚ್ಚಿ ಬರಬೇಕು. ಉರಿಯೂ ಹೊಗೆಯೂ ಹರಡುವುದು ಅದರಿಂದ ತಡವಾಗುತ್ತದೆ. ಎಡೊ ಗೋಪುರದ ತೆರೆದ ಕಿಟಕಿಯನ್ನು ನೆನಪಿಡಿ. ಆದರೆ ಜನ ಓಡಬೇಕಾದ ದಾರಿಯಲ್ಲಿ ಬೀಗ ಇರಕೂಡದು. ತಾರಸಿಗೆ ಒಳಗಿನಿಂದ ಕೈಯಿಂದ ತೆಗೆಯಬಹುದಾದ ಚಿಲಕ ಸಾಕು. ಜಾಳಿ ಬೇಕೇ ಬೇಕಾದರೆ, ಒಳಗಿನಿಂದ ತೆರೆಯುವ ಒಂದು ಕದವಾದರೂ ಅದರಲ್ಲಿರಲಿ. ಅದರ ಕೀಲಿ ಮನೆಯ ಮಕ್ಕಳಿಗೂ ತಿಳಿದಿರುವ ಜಾಗದಲ್ಲಿರಲಿ.

ಮನೆಯ ಬೆಂಕಿಯಲ್ಲಿ ಉರಿಗಿಂತ ಹೊಗೆಯೇ ಹೆಚ್ಚು ಜನರನ್ನು ಕೊಲ್ಲುತ್ತದೆ. ಹೊಗೆ ಮೇಲೇರುತ್ತದೆ; ಉಸಿರಾಡಬಹುದಾದ ಗಾಳಿ ನೆಲದ ಹತ್ತಿರ ಇರುತ್ತದೆ. ಆದ್ದರಿಂದ ಬಗ್ಗಿ, ಬೇಕಾದರೆ ತೆವಳಿ ಹೋಗಬೇಕು. ಲಿಫ್ಟ್ ಹತ್ತಬಾರದು. ಮೆಟ್ಟಿಲಲ್ಲಿ ಹೊಗೆ ದಟ್ಟವಾಗಿದ್ದರೆ ಅದರೊಳಕ್ಕೆ ನುಗ್ಗದೆ, ಮನೆಯ ಬಾಗಿಲು ಮುಚ್ಚಿ, ಸಂದುಗಳಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯ ಬಳಿ ನಿಂತು ಕೂಗಿ ಕರೆಯಬೇಕು. 101ಕ್ಕೆ ಅಥವಾ 112ಕ್ಕೆ ಮೊದಲು ಫೋನ್ ಮಾಡಬೇಕು, ಆಮೇಲೆ ಬಂಧುಗಳಿಗೆ. ಹೊರಗೆ ಬಂದ ಮೇಲೆ ಪೆಟ್ಟಿಗೆಗೆಂದು, ಒಡವೆಗೆಂದು ಮತ್ತೆ ಒಳಗೆ ಹೋಗಬಾರದು.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ. ಒಲೆ ಆರಿಸಿ ತಟ್ಟೆ ಮುಚ್ಚಿ. ವಿದ್ಯುತ್ತಿನ ಬೆಂಕಿಗೆ ಮೊದಲು ಮೇನ್ ಸ್ವಿಚ್, ಆಮೇಲೆ ಒಣ ಮರಳು. ಬಟ್ಟೆಗೆ ಬೆಂಕಿ ತಗಲಿದರೆ ಓಡದೆ ನೆಲಕ್ಕೆ ಬಿದ್ದು ಉರುಳಬೇಕು, ಇತರರು ದಪ್ಪ ಕಂಬಳಿ ಸುತ್ತಬೇಕು. ಸುಟ್ಟ ಜಾಗಕ್ಕೆ ತುಪ್ಪ, ಶಾಯಿ, ಹಲ್ಲುಜ್ಜುವ ಪೇಸ್ಟು ಬಳಿಯದೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಟ್ಟು, ಆಮೇಲೆ ವೈದ್ಯರ ಬಳಿಗೆ ಹೋಗಬೇಕು.

ದೆಹಲಿಯಲ್ಲಿರುವ ನಮ್ಮ ಬಂಧುಗಳಿಗೆ ಒಂದು ಮಾತು. ಅಲ್ಲಿಯ ಚಳಿಗೆ ಇದ್ದಲಿನ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಕಿಟಕಿ ಮುಚ್ಚಿ ಮಲಗುವುದುಂಟು. ಕೆಂಡದಿಂದ ಹೊರಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಅಗ್ಗಿಷ್ಟಿಕೆಯನ್ನು ಮಲಗುವ ಮುನ್ನ ಹೊರಗಿಟ್ಟುಬಿಡಿ. ವಿದ್ಯುತ್ ಹೀಟರನ್ನು ಹಾಸಿಗೆ, ಪರದೆಗಳಿಂದ ಮಾರು ದೂರದಲ್ಲಿಡಿ. ಅದರ ಮೇಲೆ ಬಟ್ಟೆ ಒಣಹಾಕಬೇಡಿ. ನಿದ್ದೆಗೆ ಮುನ್ನ ಆರಿಸಿ.

ಇನ್ನು ನಮ್ಮ ಕಟ್ಟಡದ ಕಥೆ. ಎರಡನೆಯ ಸಭೆಯಲ್ಲಿ ನಾವು ಎಡೊ ನಗರದ ಎರಡು ಬಾಗಿಲುಗಳ ಕಥೆಯನ್ನು ಹೇಳಿದೆವು. ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಬೀಗ ಬೇಕೆಂದು ವಾದಿಸಿದವರಲ್ಲಿ ಒಬ್ಬರು ಎದ್ದು, ಆ ರಾತ್ರಿ ತಮ್ಮ ಮೊಮ್ಮಗಳೂ ತಾರಸಿಯ ಬಾಗಿಲ ಮುಂದೆ ನಿಂತಿದ್ದಳೆಂದಷ್ಟೇ ಹೇಳಿ ಕುಳಿತರು. ಮರುದಿನವೇ ಬಡಗಿ ಬಂದು ಬೀಗ ಕಿತ್ತು ಒಳಚಿಲಕ ಹಾಕಿದ. ಮೆಟ್ಟಿಲ ಮೇಲಿನ ಕಪಾಟು ಭಂಗಾರದವನ ಪಾಲಾಯಿತು. ಮೀಟರಿನ ಪೆಟ್ಟಿಗೆಯ ಪಕ್ಕದಲ್ಲಿ ಎರಡು ಬುಟ್ಟಿ ಮರಳು ಸದಾ ಇರುತ್ತದೆ. ಅದರ ಉಸ್ತುವಾರಿ ವಾಚ್‌ಮನ್ನನದು, ಹೊಣೆ ನಮ್ಮೆಲ್ಲರದು.

ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಈ ಸಂಚಿಕೆಯನ್ನು ಮಡಿಸಿಟ್ಟ ಮೇಲೆ, ಮಲಗುವ ಮುನ್ನ, ಒಮ್ಮೆ ನಿಮ್ಮ ಕಟ್ಟಡದ ಮೆಟ್ಟಿಲು ಹತ್ತಿ ತಾರಸಿಯವರೆಗೆ ಹೋಗಿ ಬನ್ನಿ. ಬಾಗಿಲು ನಿಮ್ಮ ಕೈಗೆ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ, ಬೆಳಗಾದೊಡನೆ ನೆರೆಯವರ ಬಾಗಿಲು ತಟ್ಟಿ.